ನಗರದ ಬೊಕ್ಕಸವೂ ನಾಗರಿಕನ ಹೊಣೆಯೂ

ಸಣ್ಣದೊಂದು ಹಳ್ಳಿಯಲ್ಲಿ ಜನರು ಬಾವಿಯಿಂದ ನೀರು ಸೇದಿಕೊಳ್ಳುತ್ತಾರೆ. ಮನೆಯ ಕಸವನ್ನು ತಿಪ್ಪೆಗೆ ಹಾಕುತ್ತಾರೆ. ಕತ್ತಲಾದ ಮೇಲೆ ಹೊರಗೆ ಹೋಗಬೇಕಾದರೆ ಕೈಯಲ್ಲೊಂದು ದೀಪ ಹಿಡಿಯುತ್ತಾರೆ. ತಿಪ್ಪೆಯ ಕಸವೇ ಮರುವರ್ಷ ಹೊಲಕ್ಕೆ ಗೊಬ್ಬರವಾಗುವುದರಿಂದ ಅದು ಯಾರಿಗೂ ಭಾರವಲ್ಲ. ಆದರೆ ಅದೇ ಸ್ಥಳದಲ್ಲಿ ಲಕ್ಷ ಜನ ಬಂದು ನೆಲಸಿದರೆ ಈ ಏರ್ಪಾಡು ಒಂದು ದಿನವೂ ನಡೆಯದು. ಬಾವಿ ಬತ್ತುತ್ತದೆ, ತಿಪ್ಪೆ ಬೀದಿಗೆ ಬರುತ್ತದೆ, ಒಬ್ಬನ ಮನೆಯ ಕೊಳಚೆ ಇನ್ನೊಬ್ಬನ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ಪ್ರತಿಯೊಂದು ಮನೆಯೂ ತನ್ನಷ್ಟಕ್ಕೆ ತಾನು ಮಾಡಿಕೊಳ್ಳುತ್ತಿದ್ದ ಕೆಲಸಗಳನ್ನು ಎಲ್ಲರೂ ಕೂಡಿ, ಎಲ್ಲರ ಹಣದಿಂದ, ಎಲ್ಲರಿಗಾಗಿ ಮಾಡಬೇಕಾಗುತ್ತದೆ. ಹೀಗೆ ಕೂಡಿ ಮಾಡುವುದಕ್ಕೆ ಜನರು ಕಟ್ಟಿಕೊಂಡ ಸಂಸ್ಥೆಗೇ ಪೌರಸಭೆ ಎಂದು ಹೆಸರು. ಊರಿನ ಗಾತ್ರಕ್ಕೆ ತಕ್ಕಂತೆ ಅದನ್ನು ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ, ಮಹಾನಗರಪಾಲಿಕೆ ಎಂದು ಕರೆಯುತ್ತೇವೆ.

ಹಳೆಯ ನಗರಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ಏರ್ಪಾಡು ಬೆಟ್ಟ ನದಿಗಳಂತೆ ಮೊದಲಿನಿಂದಲೂ ಇದ್ದದ್ದೆಂದು ತೋರುವುದುಂಟು. ಮದರಾಸಿನ ಪಾಲಿಕೆ ಸ್ಥಾಪನೆಯಾದದ್ದು ೧೬೮೮ರಲ್ಲಿ. ಬೆಂಗಳೂರಿನ ಪೇಟೆ ಮತ್ತು ದಂಡು ಪ್ರದೇಶಗಳಿಗೆ ಪುರಸಭೆಗಳು ಬಂದದ್ದು ೧೮೬೨ರಲ್ಲಿ. ಇವೆರಡೂ ಒಂದುಗೂಡಿ ಕಾರ್ಪೊರೇಷನ್ ಆದದ್ದು ೧೯೪೯ರಲ್ಲಿ. ಆದುದರಿಂದ ಪೌರಸಭೆ ಹೇಗೆ ಹುಟ್ಟುತ್ತದೆ, ಅದರ ಬೊಕ್ಕಸ ಹೇಗೆ ತುಂಬುತ್ತದೆ, ಹೇಗೆ ಖಾಲಿಯಾಗುತ್ತದೆ ಎಂಬುದನ್ನು ಅರಿಯಬೇಕಾದರೆ ಈಚೆಗೆ ಹುಟ್ಟಿದ ಒಂದು ನಗರವನ್ನು ನೋಡುವುದು ಲೇಸು. ಅಂಥ ನಗರವೇ ಹರಿಯಾಣದ ಮಾನೇಸರ್.

ದೆಹಲಿಯಿಂದ ಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಗುರುಗ್ರಾಮವನ್ನು ದಾಟಿದ ಮೇಲೆ ಮಾನೇಸರ್ ಸಿಕ್ಕುತ್ತದೆ. ಒಂದು ಕಡೆ ಅರಾವಳಿಯ ಬೋಳು ಗುಡ್ಡಗಳು. ಇನ್ನೊಂದು ಕಡೆ ಹಿಂದೆ ಗೋಧಿ, ಸಾಸಿವೆ ಬೆಳೆಯುತ್ತಿದ್ದ ಹೊಲಗಳು. ೧೯೯೦ರ ದಶಕದಲ್ಲಿ ಸರ್ಕಾರ ಈ ಹೊಲಗಳನ್ನು ಕೊಂಡು ಅಲ್ಲಿ ಮಾದರಿ ಕೈಗಾರಿಕಾ ನಗರವೊಂದನ್ನು ಕಟ್ಟತೊಡಗಿತು. ಹೋಂಡಾ ಕಂಪನಿಯ ಸ್ಕೂಟರುಗಳು ಅಲ್ಲಿ ತಯಾರಾಗತೊಡಗಿದವು. ೨೦೦೭ರಲ್ಲಿ ಮಾರುತಿ ಸುಜುಕಿ ಕಂಪನಿಯ ದೊಡ್ಡ ಕಾರ್ಖಾನೆ ಉದ್ಘಾಟನೆಯಾಯಿತು. ರಾಷ್ಟ್ರೀಯ ಭದ್ರತಾ ದಳದ ನೆಲೆ, ಮಿದುಳಿನ ಸಂಶೋಧನೆಗೆ ಮೀಸಲಾದ ರಾಷ್ಟ್ರೀಯ ಕೇಂದ್ರ ಇವೂ ಅಲ್ಲಿವೆ. ಕೆಲಸವಿದ್ದಲ್ಲಿಗೆ ಜನ ಬರುವುದು ಸಹಜ. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನಗಳಿಂದ ಬಂದ ಕಾರ್ಮಿಕರು ಅಲಿಯರ್, ಢಾಣಾ, ಕಾಸನ್ ಮುಂತಾದ ಸುತ್ತಣ ಹಳ್ಳಿಗಳಲ್ಲಿ ಬಾಡಿಗೆಯ ಕೋಣೆಗಳನ್ನು ಹಿಡಿದರು. ಹೊಲವನ್ನು ಕಳೆದುಕೊಂಡ ಹಳ್ಳಿಗರು ಕೋಣೆಗಳ ಸಾಲುಗಳನ್ನು ಕಟ್ಟಿ ಬಾಡಿಗೆಯನ್ನೇ ಬೆಳೆಯಾಗಿ ಮಾಡಿಕೊಂಡರು.

ಈ ಕಾಲದಲ್ಲಿ ಮಾನೇಸರಿನಲ್ಲಿ ಬೀದಿಯನ್ನು ಗುಡಿಸುವ ಹೊಣೆ ಯಾರದಾಗಿತ್ತು? ಇದಕ್ಕೆ ಒಂದೇ ಉತ್ತರವಿರಲಿಲ್ಲ. ಕಾರ್ಖಾನೆಗಳಿರುವ ಭಾಗದ ರಸ್ತೆ, ನೀರು, ಒಳಚರಂಡಿಗಳನ್ನು ಹರಿಯಾಣದ ಕೈಗಾರಿಕಾ ಅಭಿವೃದ್ಧಿ ನಿಗಮ ನೋಡಿಕೊಳ್ಳುತ್ತಿತ್ತು. ಹಳ್ಳಿಗಳ ಭಾಗವನ್ನು ಗ್ರಾಮ ಪಂಚಾಯತಿಗಳು ನೋಡಿಕೊಳ್ಳುತ್ತಿದ್ದವು. ಎರಡು ಮೂರು ಸಾವಿರ ಜನರಿದ್ದ ಹಳ್ಳಿಗೆಂದು ಏರ್ಪಟ್ಟ ಪಂಚಾಯತಿಯ ಮೇಲೆ ಅದಕ್ಕೆ ಎಷ್ಟೋ ಪಾಲು ಹೆಚ್ಚಿನ ಜನರ ಕಸದ, ಕೊಳಚೆಯ, ನೀರಿನ ಭಾರ ಬಿದ್ದಿತು. ೨೦೨೦ರ ಡಿಸೆಂಬರಿನಲ್ಲಿ ಹರಿಯಾಣ ಸರ್ಕಾರ ಮಾನೇಸರನ್ನೂ ಸುತ್ತಣ ಹಳ್ಳಿಗಳನ್ನೂ ಕೂಡಿಸಿ ಮಹಾನಗರಪಾಲಿಕೆಯನ್ನು ರಚಿಸಿತು. ಪಂಚಾಯತಿಗಳು ಮುಗಿದವು, ಅವುಗಳ ಆಸ್ತಿಯೂ ಹೊಣೆಯೂ ಹೊಸ ಪಾಲಿಕೆಗೆ ಬಂದವು.

ಇಂಥ ಪಾಲಿಕೆಗೆ ಆಧಾರ ನಮ್ಮ ಸಂವಿಧಾನ. ಅದರ ೭೪ನೆಯ ತಿದ್ದುಪಡಿ ೧೯೯೩ರ ಜೂನ್ ೧ರಂದು ಜಾರಿಗೆ ಬಂದಿತು. ಪೌರಸಭೆಗಳಿಗೆ ವಹಿಸಬಹುದಾದ ೧೮ ವಿಷಯಗಳ ಪಟ್ಟಿಯೊಂದನ್ನು ಅದು ಸಂವಿಧಾನಕ್ಕೆ ಸೇರಿಸಿತು. ನಗರ ಯೋಜನೆ, ರಸ್ತೆ ಸೇತುವೆಗಳು, ನೀರಿನ ಪೂರೈಕೆ, ನೈರ್ಮಲ್ಯ, ಬೆಂಕಿ ಆರಿಸುವ ಪಡೆ, ಉದ್ಯಾನ ಮತ್ತು ಆಟದ ಮೈದಾನಗಳು, ಬೀದಿ ದೀಪ, ಸ್ಮಶಾನ, ಜನನ ಮರಣಗಳ ದಾಖಲೆ ಇವೆಲ್ಲ ಆ ಪಟ್ಟಿಯಲ್ಲಿವೆ. ಹುಟ್ಟಿದ ದಿನದ ದಾಖಲೆಯಿಂದ ಹಿಡಿದು ಕಡೆಯ ಯಾತ್ರೆಯವರೆಗೆ ಮನುಷ್ಯನು ಪೌರಸಭೆಯ ಕೈ ಬಿಡುವಂತಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ. ಆದರೆ ಸಂವಿಧಾನ ಹೇಳಿರುವುದು 'ವಹಿಸಬಹುದು' ಎಂದೇ ಹೊರತು 'ವಹಿಸಲೇಬೇಕು' ಎಂದಲ್ಲ. ಯಾವ ಕೆಲಸವನ್ನು ಎಷ್ಟು ಮಟ್ಟಿಗೆ ವಹಿಸಬೇಕೆಂಬುದನ್ನು ಆಯಾ ರಾಜ್ಯದ ಶಾಸನಸಭೆ ಗೊತ್ತುಮಾಡುತ್ತದೆ. ಹರಿಯಾಣದಲ್ಲಿ ೧೯೯೪ರ ನಗರಪಾಲಿಕೆ ಕಾಯಿದೆಯೂ, ಕರ್ನಾಟಕದಲ್ಲಿ ೧೯೭೬ರ ಕಾಯಿದೆಯೂ ಇದಕ್ಕಾಗಿಯೇ ಇವೆ.

ಪಾಲಿಕೆಗೆ ಎರಡು ಅಂಗಗಳುಂಟು. ಮೊದಲನೆಯದು ಜನರು ಆರಿಸಿದ ಸಭೆ. ಊರನ್ನು ವಾರ್ಡುಗಳಾಗಿ ವಿಂಗಡಿಸಿ ಒಂದೊಂದು ವಾರ್ಡಿನಿಂದ ಒಬ್ಬೊಬ್ಬ ಸದಸ್ಯರನ್ನು ಆರಿಸುತ್ತಾರೆ. ಮಾನೇಸರಿನಲ್ಲಿ ಇಂಥ ವಾರ್ಡುಗಳು ೨೦. ಸಭೆಯ ಸ್ಥಾನಗಳಲ್ಲಿ ಮೂರರಲ್ಲಿ ಒಂದು ಪಾಲಿಗೆ ಕಡಮೆಯಿಲ್ಲದಂತೆ ಮಹಿಳೆಯರಿಗೆ ಮೀಸಲಿಡಬೇಕೆಂದು ಸಂವಿಧಾನ ವಿಧಿಸಿದೆ. ಹರಿಯಾಣದಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ; ಕರ್ನಾಟಕದಲ್ಲಿ ಸದಸ್ಯರು ತಮ್ಮೊಳಗಿಂದ ಒಬ್ಬರನ್ನು ಆರಿಸಿಕೊಳ್ಳುತ್ತಾರೆ. ಎರಡನೆಯ ಅಂಗ ಆಡಳಿತ ವರ್ಗ. ಇದರ ಮುಖ್ಯರು ರಾಜ್ಯ ಸರ್ಕಾರದಿಂದ ನೇಮಕವಾದ ಕಮಿಷನರು. ಅವರ ಕೈಕೆಳಗೆ ಇಂಜಿನಿಯರರು, ಆರೋಗ್ಯಾಧಿಕಾರಿಗಳು, ಕಂದಾಯದ ಅಧಿಕಾರಿಗಳು, ಗುಮಾಸ್ತರು, ಪೌರಕಾರ್ಮಿಕರು. ಏನು ಆಗಬೇಕೆಂದು ಸಭೆ ನಿಶ್ಚಯಿಸತಕ್ಕದ್ದು; ನಿಶ್ಚಯಿಸಿದ್ದನ್ನು ಕಮಿಷನರು ನಡೆಸತಕ್ಕದ್ದು. ಇದು ಶಾಸನದ ಭಾವ.

ಆದರೆ ನಗರದ ಎಲ್ಲ ಕೆಲಸಗಳೂ ಪಾಲಿಕೆಯ ಕೈಯಲ್ಲಿಯೇ ಇವೆಯೆಂದು ತಿಳಿಯಲಾಗದು. ಗುರುಗ್ರಾಮ ಪ್ರದೇಶಕ್ಕೆ ಬೇಕಾದ ನೀರು ಪಶ್ಚಿಮ ಯಮುನಾ ಕಾಲುವೆಯ ಕಡೆಯಿಂದ ಬಹು ದೂರ ಹರಿದು ಬರುತ್ತದೆ. ಅದನ್ನು ಶುದ್ಧಮಾಡಿ ದೊಡ್ಡ ಕೊಳವೆಗಳಲ್ಲಿ ಒದಗಿಸುವ ಕೆಲಸ ೨೦೧೭ರ ಕಾಯಿದೆಯಂತೆ ರಚಿತವಾದ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ್ದು. ಹೆದ್ದಾರಿ ಕೇಂದ್ರ ಸರ್ಕಾರದ ಪ್ರಾಧಿಕಾರದ್ದು. ವಿದ್ಯುತ್ತು ಬೇರೊಂದು ನಿಗಮದ್ದು. ಬೆಂಗಳೂರಿನಲ್ಲಿಯೂ ಹೀಗೆಯೇ: ನೀರು ಮತ್ತು ಒಳಚರಂಡಿಗೆ ೧೯೬೪ರಲ್ಲಿ ಹುಟ್ಟಿದ ಜಲಮಂಡಳಿ, ಬಡಾವಣೆಗಳಿಗೆ ೧೯೭೬ರಲ್ಲಿ ಹುಟ್ಟಿದ ಅಭಿವೃದ್ಧಿ ಪ್ರಾಧಿಕಾರ, ಬಸ್ಸುಗಳಿಗೆ ಪ್ರತ್ಯೇಕ ಸಂಸ್ಥೆ. ದೊಡ್ಡ ಕಾಮಗಾರಿಗಳಿಗೆ ನಿಪುಣರೂ ದೊಡ್ಡ ಬಂಡವಾಳವೂ ಬೇಕಾದ್ದರಿಂದ ಈ ವಿಭಜನೆಗೆ ಕಾರಣವಿಲ್ಲದಿಲ್ಲ. ಆದರೆ ಮಳೆಯ ನೀರಿಗೆ ಈ ಗಡಿಗಳು ತಿಳಿಯವು. ೨೦೧೬ರ ಜುಲೈ ಕೊನೆಯಲ್ಲಿ ಸುರಿದ ಮಳೆಯಿಂದ ಗುರುಗ್ರಾಮದ ಹೆದ್ದಾರಿಯ ಮೇಲೆ ನೀರು ನಿಂತು, ವಾಹನಗಳು ರಾತ್ರಿಯಿಡೀ ಕದಲದೆ ನಿಂತುಬಿಟ್ಟವು. ಇಂಥ ಸಮಯದಲ್ಲಿ ರಸ್ತೆ ಒಬ್ಬರದು, ಪಕ್ಕದ ಚರಂಡಿ ಇನ್ನೊಬ್ಬರದು, ಚರಂಡಿ ಸೇರುವ ನಾಲೆ ಮೂರನೆಯವರದು ಆಗಿದ್ದರೆ ಯಾರನ್ನು ಕೇಳಬೇಕೆಂಬುದೇ ಪ್ರಜೆಗೆ ತಿಳಿಯದಾಗುತ್ತದೆ.

ಇನ್ನು ಬೊಕ್ಕಸದ ವಿಷಯ. ಪಾಲಿಕೆಗೆ ಹಣ ಬರುವ ದಾರಿಗಳು ಮುಖ್ಯವಾಗಿ ನಾಲ್ಕು: ತಾನೇ ಹಾಕುವ ಕರ, ಮಾಡಿದ ಸೇವೆಗೆ ಪಡೆಯುವ ಶುಲ್ಕ, ಸರ್ಕಾರಗಳು ಕೊಡುವ ಅನುದಾನ, ಮತ್ತು ಸಾಲ.

ಕರಗಳಲ್ಲಿ ಆಸ್ತಿ ತೆರಿಗೆಯೇ ಮೊದಲನೆಯದು. ಮನೆ, ಅಂಗಡಿ, ಕಾರ್ಖಾನೆ, ಖಾಲಿ ನಿವೇಶನ ಇವುಗಳ ಒಡೆಯರು ವರ್ಷಕ್ಕೊಮ್ಮೆ ಇದನ್ನು ಕಟ್ಟಬೇಕು. ಪೌರಸಭೆಗೆ ಈ ಕರ ಬಹು ಯೋಗ್ಯವಾದದ್ದು. ಏಕೆಂದರೆ ಮನೆಯನ್ನು ಬಚ್ಚಿಡಲಾಗದು, ಬೇರೆ ಊರಿಗೆ ಸಾಗಿಸಲೂ ಆಗದು. ಮೇಲಾಗಿ ಬೀದಿ ಚೆನ್ನಾದರೆ ಆ ಬೀದಿಯ ಮನೆಗೆ ಬೆಲೆ ಏರುತ್ತದೆ. ಆ ಏರಿದ ಬೆಲೆಯಲ್ಲಿ ಅಲ್ಪಭಾಗ ಊರಿಗೆ ಹಿಂತಿರುಗಿದರೆ ಅದು ನ್ಯಾಯವೇ ಸರಿ. ಆದರೂ ದರ ಎಷ್ಟು ಕಡಮೆಯೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಹರಿಯಾಣ ೨೦೧೩ರಲ್ಲಿ ಗೊತ್ತುಮಾಡಿದ ದರದಂತೆ ಗುರುಗ್ರಾಮ, ಫರೀದಾಬಾದುಗಳಂಥ ದೊಡ್ಡ ನಗರಗಳಲ್ಲಿಯೂ ೩೦೦ ಚದರ ಗಜದವರೆಗಿನ ವಾಸದ ಮನೆಗೆ ಗಜವೊಂದಕ್ಕೆ ವರ್ಷಕ್ಕೆ ೧ ರೂಪಾಯಿ. ಅಂದರೆ ೧೦೦ ಗಜದ ಮನೆಯವರು ವರ್ಷಕ್ಕೆ ೧೦೦ ರೂಪಾಯಿ ಕೊಟ್ಟರೆ ಸಾಕಾಯಿತು. ದೊಡ್ಡ ಮನೆ, ಅಂಗಡಿ, ಕಾರ್ಖಾನೆಗಳಿಗೆ ದರ ಹೆಚ್ಚು. ಆ ೧೦೦ ರೂಪಾಯಿಯಿಂದ ವರ್ಷದ ೩೬೫ ದಿನವೂ ಮನೆಯ ಮುಂದಿನ ಬೀದಿಯನ್ನು ಗುಡಿಸಿ, ಕಸ ಸಾಗಿಸಿ, ದೀಪ ಹಚ್ಚುವುದು ಸಾಧ್ಯವೇ ಎಂದು ಓದುಗರೇ ಗುಣಾಕಾರ ಮಾಡಿ ನೋಡಬಹುದು.

ಹಿಂದಿನ ಕಾಲದಲ್ಲಿ ಊರೊಳಕ್ಕೆ ಬರುವ ಸರಕಿನ ಮೇಲೆ ಸುಂಕ ಎತ್ತುತ್ತಿದ್ದರು. ಬೆಂಗಳೂರಿನ ಸುಂಕದಕಟ್ಟೆ ಎಂಬ ಬಡಾವಣೆಯ ಹೆಸರನ್ನು ಕೇಳಿದರೆ ಅಂಥ ಕಟ್ಟೆಗಳ ನೆನಪಾಗುತ್ತದೆ. ಊರಬಾಗಿಲಲ್ಲಿ ಗಾಡಿಗಳನ್ನು ನಿಲ್ಲಿಸಿ ವಸೂಲು ಮಾಡುವ ಈ ಪದ್ಧತಿ ವ್ಯಾಪಾರಕ್ಕೆ ಅಡ್ಡಿಯೆಂದು ಒಂದೊಂದೇ ರಾಜ್ಯದಲ್ಲಿ ನಿಂತುಹೋಯಿತು. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಮುಂಬಯಿಯಲ್ಲಿಯೂ ಕೊನೆಗೊಂಡಿತು. ಇದರಿಂದ ವ್ಯಾಪಾರ ಸುಗಮವಾಯಿತು. ಆದರೆ ಪೌರಸಭೆಗಳ ಕೈಯಲ್ಲಿದ್ದ ದೊಡ್ಡ ಆದಾಯವೊಂದು ತಪ್ಪಿಹೋಗಿ, ಅವು ಮೇಲಿನ ಸರ್ಕಾರಗಳ ಕಡೆಗೆ ಕೈ ಚಾಚುವುದು ಹೆಚ್ಚಾಯಿತು. ಹರಿಯಾಣದಲ್ಲಿ ಮನೆ ನಿವೇಶನಗಳ ಕ್ರಯಪತ್ರಕ್ಕೆ ಕಟ್ಟುವ ಮುದ್ರಾಂಕ ಶುಲ್ಕದಲ್ಲಿ ಒಂದು ಪಾಲು ಪೌರಸಭೆಗೆ ಸೇರುತ್ತದೆ. ಕಟ್ಟಡದ ನಕ್ಷೆಗೆ ಅನುಮತಿ, ಜಾಹೀರಾತಿನ ಹಲಗೆ, ಅಂಗಡಿಯ ಪರವಾನಗಿ ಇವುಗಳಿಂದಲೂ ಅಷ್ಟಿಷ್ಟು ಬರುತ್ತದೆ.

ಅನುದಾನವನ್ನು ದಾನವೆಂದು ಭಾವಿಸಕೂಡದು. ನಗರದ ಜನ ಕೊಳ್ಳುವ ಪ್ರತಿಯೊಂದು ವಸ್ತುವಿನಿಂದಲೂ ಕೇಂದ್ರಕ್ಕೂ ರಾಜ್ಯಕ್ಕೂ ತೆರಿಗೆ ಹೋಗುತ್ತದೆ. ಅದರಲ್ಲಿ ಒಂದು ಭಾಗ ನಗರಕ್ಕೆ ಹಿಂತಿರುಗುವುದೇ ಅನುದಾನ. ಎಷ್ಟು ಹಿಂತಿರುಗಬೇಕೆಂಬುದನ್ನು ಐದು ವರ್ಷಕ್ಕೊಮ್ಮೆ ನೇಮಕವಾಗುವ ರಾಜ್ಯ ಹಣಕಾಸು ಆಯೋಗ ಸೂಚಿಸತಕ್ಕದ್ದೆಂದು ಸಂವಿಧಾನದಲ್ಲಿದೆ. ಕೇಂದ್ರದ ಹಣಕಾಸು ಆಯೋಗವೂ ಪೌರಸಭೆಗಳಿಗೆ ಹಣ ಕೊಡಿಸುತ್ತದೆ. ಅದರಲ್ಲಿ ಒಂದು ಭಾಗವನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೇ ಬಳಸಬೇಕೆಂಬ ನಿಯಮವುಂಟು. ಇಷ್ಟೆಲ್ಲ ದಾರಿಗಳಿದ್ದರೂ ನಮ್ಮ ನಗರಗಳ ಬೊಕ್ಕಸ ಚಿಕ್ಕದು. ರಿಜರ್ವ್ ಬ್ಯಾಂಕಿನ ೨೦೨೪ರ ವರದಿಯೊಂದರ ಪ್ರಕಾರ ೨೦೨೩-೨೪ರಲ್ಲಿ ದೇಶದ ಮಹಾನಗರಪಾಲಿಕೆಗಳ ವರಮಾನವೆಲ್ಲ ಸೇರಿ ರಾಷ್ಟ್ರದ ಒಟ್ಟು ಉತ್ಪನ್ನದ ಶೇಕಡಾ ೦.೬ರಷ್ಟೆಂದು ಅಂದಾಜು. ದೇಶ ದುಡಿದ ನೂರು ರೂಪಾಯಿಯಲ್ಲಿ ಅರವತ್ತು ಪೈಸೆಯಿಂದ ಈ ಪಾಲಿಕೆಗಳು ನಡೆಯಬೇಕಾಗಿದೆ.

ಸಾಲವನ್ನು ಮನೆಯಲ್ಲಿ ಹೇಗೋ ಪಾಲಿಕೆಯಲ್ಲಿಯೂ ಹಾಗೆಯೇ ವಿವೇಕದಿಂದ ಬಳಸಬೇಕು. ದಿನದ ಊಟಕ್ಕೆ ಸಾಲ ಮಾಡುವವನು ಕೆಡುತ್ತಾನೆ. ತಲೆಮಾರು ಬಾಳುವ ಮನೆಯನ್ನು ಕಟ್ಟುವುದಕ್ಕೆ ಸಾಲ ಮಾಡುವುದು ತಪ್ಪಲ್ಲ. ಐವತ್ತು ವರ್ಷ ಬಾಳುವ ನೀರಿನ ಕೊಳವೆಯ ಖರ್ಚನ್ನೆಲ್ಲ ಒಂದೇ ವರ್ಷದ ಜನರಿಂದ ವಸೂಲು ಮಾಡುವುದಕ್ಕಿಂತ, ಅದರ ಪ್ರಯೋಜನ ಪಡೆಯುವ ಮುಂದಿನವರೂ ಹಂಚಿಕೊಳ್ಳುವಂತೆ ಮಾಡುವುದು ನ್ಯಾಯ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜೋಸೆಫ್ ಚೇಂಬರ್ಲೇನ್ ೧೮೭೩ರಿಂದ ೧೮೭೬ರವರೆಗೆ ಮೇಯರಾಗಿದ್ದಾಗ, ಖಾಸಗಿ ಕಂಪನಿಗಳ ಕೈಯಲ್ಲಿದ್ದ ಅನಿಲ ಮತ್ತು ನೀರಿನ ಪೂರೈಕೆಗಳನ್ನು ನಗರವೇ ಕೊಂಡುಕೊಂಡಿತು; ಅನಿಲದಿಂದ ಬಂದ ಲಾಭ ಊರಿನ ಸುಧಾರಣೆಗೆ ಒದಗಿತು. ನಮ್ಮ ದೇಶದಲ್ಲಿ ಸಾಲಪತ್ರಗಳನ್ನು ಮಾರಿ ಹಣ ಎತ್ತಿದ ಮೊದಲ ಪಾಲಿಕೆ ೧೯೯೭ರಲ್ಲಿ ಬೆಂಗಳೂರಿನದು. ಮರುವರ್ಷ ಅಹಮದಾಬಾದು ಅದನ್ನು ಅನುಸರಿಸಿತು. ಕಟ್ಟಬೇಕಾದ ಕಂದಾಯವನ್ನು ಜನ ಕಟ್ಟುತ್ತಾರೆಂಬ ನಂಬಿಕೆಯಿದ್ದರೆ ಮಾತ್ರ ಇಂಥ ಊರಿಗೆ ಸಾಲ ಹುಟ್ಟುತ್ತದೆ.

ಪ್ರತಿ ವರ್ಷ ಏಪ್ರಿಲ್ ೧ರಿಂದ ಮಾರ್ಚ್ ೩೧ರವರೆಗಿನ ಲೆಕ್ಕವನ್ನು ಆಯವ್ಯಯ ಪತ್ರವಾಗಿ ಸಿದ್ಧಪಡಿಸಿ ಸಭೆಯ ಮುಂದಿಡುತ್ತಾರೆ. ಅದರಲ್ಲಿ ವೆಚ್ಚಗಳು ಎರಡು ಬಗೆ. ಪೌರಕಾರ್ಮಿಕರ ಸಂಬಳ, ಕಸದ ಗಾಡಿಯ ಡೀಸೆಲು, ಬೀದಿ ದೀಪದ ವಿದ್ಯುತ್ತು, ಪಂಪಿನ ದುರಸ್ತಿ ಮುಂತಾದುವು ದಿನನಿತ್ಯದ ವೆಚ್ಚ. ಹೊಸ ರಸ್ತೆ, ಹೊಸ ಚರಂಡಿ, ಹೊಸ ಕಟ್ಟಡ ಇವು ಬಂಡವಾಳ ವೆಚ್ಚ. ಹೊಸದನ್ನು ಕಟ್ಟಿದಾಗ ಉದ್ಘಾಟನೆಯ ಸಮಾರಂಭವಿರುತ್ತದೆ, ಹೆಸರು ಕೆತ್ತಿದ ಕಲ್ಲಿರುತ್ತದೆ. ಚರಂಡಿಯ ಹೂಳೆತ್ತುವುದಕ್ಕೆ ಯಾವ ಸಮಾರಂಭವೂ ಇಲ್ಲ. ಆದರೆ ಊರಿನ ಆರೋಗ್ಯ ನಿಂತಿರುವುದು ಈ ಎರಡನೆಯ ಕೆಲಸದ ಮೇಲೆಯೇ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಇಕ್ಕಟ್ಟಾದ ಪೇಟೆಯಲ್ಲಿ ಹಬ್ಬಿ ಬಹು ಜನರನ್ನು ಬಲಿ ತೆಗೆದುಕೊಂಡಿತು. ಆ ಪೆಟ್ಟಿನ ನಂತರ ಗಾಳಿ ಬೆಳಕುಗಳಿಗೂ ಚರಂಡಿಗೂ ಗಮನವಿತ್ತು, ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲವಾದ ಬೀದಿಗಳಿಂದ ಬೆಳೆಸಿದರು. ನೈರ್ಮಲ್ಯಕ್ಕೆ ಮಾಡದೆ ಉಳಿಸಿದ ಹಣವನ್ನು ಊರು ಮುಂದೆ ಆಸ್ಪತ್ರೆಯಲ್ಲಿ ಬಡ್ಡಿ ಸಹಿತ ತೆರಬೇಕಾಗುತ್ತದೆ.

ಇಷ್ಟನ್ನು ತಿಳಿದ ಮೇಲೆ ಮಾನೇಸರಿನ ಕಥೆಯ ಮುಖ್ಯ ಪಾಠಕ್ಕೆ ಬರೋಣ. ೨೦೨೦ರ ಡಿಸೆಂಬರಿನಲ್ಲಿ ಹುಟ್ಟಿದ ಪಾಲಿಕೆಗೆ ಮೊದಲನೆಯ ಚುನಾವಣೆ ನಡೆದದ್ದು ೨೦೨೫ರ ಮಾರ್ಚ್ ೨ರಂದು. ನಡುವಣ ನಾಲ್ಕು ವರ್ಷಗಳಿಗೂ ಮಿಕ್ಕ ಕಾಲ ಕಮಿಷನರಿದ್ದರು, ಕಚೇರಿಯಿತ್ತು, ಕಂದಾಯವಿತ್ತು. ಆದರೆ ಆಯವ್ಯಯ ಪತ್ರವನ್ನು ಮುಂದಿಟ್ಟುಕೊಂಡು 'ನನ್ನ ವಾರ್ಡಿನ ಚರಂಡಿ ಏನಾಯಿತು?' ಎಂದು ಕೇಳುವ ಸದಸ್ಯರು ಒಬ್ಬರೂ ಇರಲಿಲ್ಲ. ಪಕ್ಕದ ಗುರುಗ್ರಾಮದಲ್ಲಿಯೂ ೨೦೦೮ರಲ್ಲಿ ಪಾಲಿಕೆ ಹುಟ್ಟಿ ೨೦೧೧ರಲ್ಲಿ ಮೊದಲ ಚುನಾವಣೆಯಾಯಿತು. ಇದನ್ನು ಉತ್ತರದೇಶದ ಸಂಗತಿಯೆಂದು ನಾವು ಬದಿಗಿಡುವಂತಿಲ್ಲ. ಬೆಂಗಳೂರಿನ ಮಹಾನಗರಪಾಲಿಕೆಯ ಸಭೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಬಳಿಕ ಐದು ವರ್ಷ ಕಳೆದು, ೨೦೨೫ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸುವ ವೇಳೆಗೂ ಹೊಸ ಸಭೆಗೆ ಚುನಾವಣೆ ನಡೆದಿರಲಿಲ್ಲ. ಪೌರಸಭೆಯ ಅವಧಿ ಐದು ವರ್ಷ, ಅದು ಮುಗಿಯುವುದರೊಳಗಾಗಿ ಮುಂದಿನ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನ ಸ್ಪಷ್ಟವಾಗಿ ಹೇಳಿರುವಾಗಲೂ ಹೀಗಾಯಿತು.

ಚುನಾಯಿತ ಸಭೆಯಿಲ್ಲದಿದ್ದರೂ ಕಸದ ಗಾಡಿ ಬರುತ್ತದಲ್ಲವೇ ಎಂದು ಕೆಲವರು ಕೇಳಬಹುದು. ಬರುತ್ತದೆ, ನಿಜ. ಆದರೆ ಬರದಿದ್ದ ದಿನ ಯಾರನ್ನು ಕೇಳಬೇಕು? ಅಧಿಕಾರಿ ಎಷ್ಟೇ ದಕ್ಷರಾಗಿರಲಿ, ಅವರನ್ನು ನೇಮಿಸುವವರೂ ವರ್ಗಾಯಿಸುವವರೂ ದೂರದ ರಾಜಧಾನಿಯಲ್ಲಿದ್ದಾರೆ. ಸದಸ್ಯರಾದರೋ ಐದು ವರ್ಷಕ್ಕೊಮ್ಮೆ ಅದೇ ಬೀದಿಗೆ ಕೈಮುಗಿದು ಬರಬೇಕು. ಅಲ್ಲದೆ ಉತ್ತರ ಹೇಳುವವರಿಲ್ಲದ ಕಡೆ ಜನರೂ ಕರ ಕೊಡಲು ಹಿಂಜರಿಯುತ್ತಾರೆ. 'ಸೇವೆಯಿಲ್ಲ, ಏಕೆ ಕೊಡಬೇಕು?' ಎಂದು ಪ್ರಜೆ, 'ಹಣವಿಲ್ಲ, ಹೇಗೆ ಮಾಡಬೇಕು?' ಎಂದು ಪಾಲಿಕೆ; ಹೀಗೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತಿರುವಲ್ಲಿ ಚರಂಡಿ ಮಾತ್ರ ತುಂಬುತ್ತಿರುತ್ತದೆ.

ಇನ್ನೊಂದು ಪ್ರಶ್ನೆಯುಂಟು. ಅಲಿಯರ್ ಅಥವಾ ಢಾಣಾದ ಬಾಡಿಗೆಯ ಕೋಣೆಯಲ್ಲಿರುವ ಕಾರ್ಮಿಕನು ನಗರದ ತೆರಿಗೆದಾರನೇ ಅಲ್ಲವೇ? ರಸೀತಿಯಲ್ಲಿ ಹೆಸರು ಮನೆಯೊಡೆಯನದು. ಆದರೆ ಒಡೆಯನು ಕಟ್ಟುವ ಹಣ ಬಾಡಿಗೆಯಿಂದಲೇ ಬಂದದ್ದು. ಬಾಡಿಗೆದಾರನು ತಿಂಗಳು ತಿಂಗಳೂ ಅರಿಯದೆಯೇ ಪಾಲಿಕೆಯ ಬೊಕ್ಕಸಕ್ಕೆ ತನ್ನ ಪಾಲನ್ನು ಸಲ್ಲಿಸುತ್ತಿದ್ದಾನೆ. ಆದರೆ ಆತನ ಹೆಸರು ಹಲವು ವೇಳೆ ತನ್ನ ಹುಟ್ಟೂರಿನ ಮತದಾರರ ಪಟ್ಟಿಯಲ್ಲಿರುತ್ತದೆ. ಒಬ್ಬರ ಹೆಸರು ಎರಡು ಕಡೆ ಇರಕೂಡದೆಂಬುದು ನಿಯಮ. ಹೀಗಾಗಿ ಅತಿ ಹೆಚ್ಚು ಜನ ವಾಸಿಸುವ, ಅತಿ ಹೆಚ್ಚು ನೀರಿನ ಅಗತ್ಯವಿರುವ ಓಣಿಗೆ ಸಭೆಯಲ್ಲಿ ಅತಿ ಕಡಮೆ ದನಿ. ಇದು ಮಾನೇಸರಿನ ಕಾರ್ಮಿಕನೊಬ್ಬನ ಸ್ಥಿತಿಯಲ್ಲ. ಊರು ಬಿಟ್ಟು ಊರಿಗೆ ಉದ್ಯೋಗಕ್ಕೆ ಬಂದ ಎಷ್ಟೋ ಕನ್ನಡ ಸಂಸಾರಗಳ ಸ್ಥಿತಿಯೂ ಹೌದು. ವಾಸಿಸುವ ಊರಿನಲ್ಲಿ ಹೆಸರು ಬರೆಸಿಕೊಳ್ಳುವ ಹಕ್ಕು ಪ್ರತಿಯೊಬ್ಬ ವಯಸ್ಕ ನಾಗರಿಕನಿಗೂ ಉಂಟು. ಹುಟ್ಟಿದ ಊರಿನ ಮೇಲೆ ಪ್ರೀತಿಯಿರಲಿ; ನೀರು ಕುಡಿಯುವ ಊರಿನ ಮೇಲೆ ಹೊಣೆಯೂ ಇರಲಿ.

ವಿದ್ಯಾರ್ಥಿಗಳಿಗೆ ಇನ್ನೂ ಮತವಿಲ್ಲ, ಕಟ್ಟಬೇಕಾದ ಕಂದಾಯವೂ ಇಲ್ಲ. ಆದರೆ ಮಾಡಬಹುದಾದ ಕೆಲಸಗಳಿಲ್ಲದಿಲ್ಲ. ಹಸಿಕಸ, ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ೨೦೧೬ರಲ್ಲಿ ಹೊರಟ ನಿಯಮಗಳು ವಿಧಿಸಿದವು. ಅದನ್ನು ನಾವು ನಡೆಸಿದರೆ ಪೌರಕಾರ್ಮಿಕರ ಕೈಗೆ ಗಾಯವೂ ತಪ್ಪುತ್ತದೆ, ಪಾಲಿಕೆಯ ಸಾಗಣೆಯ ಖರ್ಚೂ ಇಳಿಯುತ್ತದೆ. ನಮ್ಮ ವಾರ್ಡಿನ ಸಂಖ್ಯೆ ಯಾವುದು, ಸದಸ್ಯರು ಯಾರು, ಇಲ್ಲದಿದ್ದರೆ ಏಕಿಲ್ಲ ಎಂಬುದನ್ನು ಕೇಳಿ ತಿಳಿಯಬಹುದು. ಮನೆಯಲ್ಲಿರುವ ಆಸ್ತಿ ತೆರಿಗೆಯ ರಸೀತಿಯನ್ನು ಹಿರಿಯರಿಂದ ಕೇಳಿ ಪಡೆದು, ಅದರಲ್ಲಿ ಯಾವ ಯಾವ ಬಾಬಿಗೆ ಎಷ್ಟೆಷ್ಟು ಹಣವಾಗಿದೆಯೆಂದು ಓದಬಹುದು. ಲೆಕ್ಕ ತಿಳಿಯಬೇಕೆನ್ನುವ ನಾಗರಿಕನಿಗೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆ ಬಾಗಿಲು ತೆರೆದಿದೆ.

ಕರ ಮತ್ತು ಮತ ಒಂದೇ ಗಾಡಿಯ ಎರಡು ಗಾಲಿಗಳು. ಕರ ಕೊಡದೆ ಮತ ಹಾಕುವವನು ಬರಿಯ ಬೇಡಿಕೆ ಸಲ್ಲಿಸುತ್ತಾನೆ. ಮತವಿಲ್ಲದೆ ಕರ ಕೊಡುವವನು ಬರಿಯ ಕಪ್ಪ ಒಪ್ಪಿಸುತ್ತಾನೆ. ಎರಡನ್ನೂ ಸಲ್ಲಿಸಿ, ಎರಡಕ್ಕೂ ಲೆಕ್ಕ ಕೇಳುವವನೇ ನಿಜವಾದ ಪೌರನು. ಮಾನೇಸರಿನ ಹೊಸ ಸಭೆಯವರು ಈಗ ತಮ್ಮ ಊರಿನ ಲೆಕ್ಕದ ಪುಸ್ತಕವನ್ನು ಬಿಡಿಸಿ ಕುಳಿತಿದ್ದಾರೆ. ನಮ್ಮ ನಮ್ಮ ಊರಿನ ಪುಸ್ತಕದಲ್ಲಿ ಏನು ಬರೆದಿದೆಯೆಂದು ನೋಡುವ ಅಭ್ಯಾಸ ನಮ್ಮಲ್ಲಿಯೂ ಬೆಳೆಯಲಿ.